ವಿಶ್ವವಿದ್ಯಾಲಯ ಮತ್ತು ಊರಿನ ಕೆರೆ

ಸುಸ್ಥಿರತೆ ಎಂಬ ಮಾತು ಈಗ ವಿಶ್ವವಿದ್ಯಾಲಯಗಳ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ನಾಳಿನವರ ಪಾಲನ್ನು ಇಂದಿನವರು ಉಂಡು ಮುಗಿಸದಂತೆ ಬದುಕುವುದು ಅದರ ತಿರುಳು. ಈ ವಿವೇಕವನ್ನು ತರಗತಿಯಲ್ಲಿ ಕಲಿಸುವುದು ಹೇಗೆ?

1991ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ, ಪರಿಸರವನ್ನು ಶಿಕ್ಷಣದ ಎಲ್ಲ ಹಂತಗಳಲ್ಲೂ ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. 2003ರಲ್ಲಿ ನ್ಯಾಯಾಲಯ ಮತ್ತೆ ಎಚ್ಚರಿಸಿದ ಅನಂತರ, ವಿಶ್ವವಿದ್ಯಾಲಯ ಧನಸಹಾಯ ಆಯೋಗ ರೂಪಿಸಿದ ಆರು ತಿಂಗಳ ಪಠ್ಯ ಪದವಿ ತರಗತಿಗಳಿಗೆ ಬಂತು. ನಾನಿದ್ದ ಕಾಲೇಜಿನಲ್ಲಿ ಆ ಪಾಠ ಯಾರಿಗೂ ಬೇಡವಾಗಿ, ಕನ್ನಡ ಅಧ್ಯಾಪಕನಾದ ನನ್ನ ಪಾಲಿಗೆ ಬಿತ್ತು. ಟಿಪ್ಪಣಿ ಬರೆಸಿದೆ. ಮಳೆನೀರಿನ ಸಂಗ್ರಹವನ್ನು ಕುರಿತ ಅಚ್ಚುಕಟ್ಟಾದ ಉತ್ತರಗಳಿಗೆ ಪೂರ್ಣ ಅಂಕಗಳನ್ನೂ ಕೊಟ್ಟೆ. ನಾನು ಅಂಕ ಹಾಕುತ್ತಿದ್ದ ಕೊಠಡಿಯ ಮಾಡಿನಿಂದ ಇಳಿದ ಮಳೆನೀರು ಮಾತ್ರ ಬೀದಿಯ ಚರಂಡಿಗೆ ಹರಿದುಹೋಗುತ್ತಿತ್ತು. ಏಕೆಂದು ವಿದ್ಯಾರ್ಥಿಗಳೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಬೇರೆ ಬಗೆಯ ಪಾಠಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಗ್ರಾಮಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸೆಗಣಿಯ ಅನಿಲದಿಂದ ಮನೆಮನೆಯ ಅಡುಗೆ ನಡೆಸುವುದು ಮೊದಲ ಯೋಜನೆ. ಅನಿಲ ಸಾಲದೆ ಅದು ಫಲಿಸಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಆಗ ವಿದ್ವಾಂಸರು ತಮ್ಮ ಯೋಜನೆಯನ್ನೇ ತಿದ್ದಿಕೊಂಡರು. 1987ರಿಂದ ಅದೇ ಅನಿಲ ಎಂಜಿನನ್ನು ನಡೆಸಿ ನೀರನ್ನೆತ್ತಿತು, ಮನೆಗಳಿಗೆ ದೀಪ ಕೊಟ್ಟಿತು; ಮನೆಗಳಿಂದ ಬಂದ ಸೆಗಣಿ ಗೊಬ್ಬರವಾಗಿ ಮನೆಗಳಿಗೇ ಮರಳಿತು. ಇಲ್ಲಿ ಊರು ಕಲಿಸಿತು, ಸಂಶೋಧಕರು ಕಲಿತರು.

ಇಂಥ ಕೆಲಸ ತಂತ್ರಜ್ಞರದು, ಸಾಹಿತ್ಯದವರದಲ್ಲ ಎಂದು ನಾನು ನಂಬಿದ್ದೆ. ಕೋಲಾರದ ಕಡೆಯ ವಿದ್ಯಾರ್ಥಿಯೊಬ್ಬ ಕೆರೆಯ ನುಡಿಗಳನ್ನು ಕುರಿತು ಎಂ.ಎ. ಪ್ರಬಂಧ ಬರೆಯುತ್ತೇನೆಂದು ಬಂದಾಗ, ಇದು ಸಾಹಿತ್ಯವಲ್ಲವೆಂದು ಹಿಂದಕ್ಕೆ ಕಳುಹಿಸಿದೆ. ಏರಿ, ತೂಬು, ಕೋಡಿ ಎಂಬ ಮಾತುಗಳನ್ನು ಅವನು ಅಜ್ಜನಿಂದ ಕಲಿತಿದ್ದ. ಅಜ್ಜ ಆ ಊರಿನ ನೀರುಗಂಟಿ. ಮಳೆ ಕೈಕೊಟ್ಟ ವರ್ಷ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಊರಿನ ನ್ಯಾಯವೆಲ್ಲ ಅವರ ನಾಲಗೆಯ ಮೇಲಿತ್ತು. ಕೆಲವು ವರ್ಷಗಳ ಮೇಲೆ ನಾನೇ ಆ ವಿದ್ಯಾರ್ಥಿಯನ್ನು ವಿಚಾರಿಸಿದೆ. ಅಜ್ಜ ತೀರಿಕೊಂಡಿದ್ದರು, ಆ ಮಾತುಗಳನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ.

ಆದುದರಿಂದ ಸುಸ್ಥಿರತೆಗಾಗಿ ಇನ್ನೊಂದು ಪರೀಕ್ಷೆಯನ್ನು ಸೇರಿಸಿದರೆ ಸಾಲದು. ಅದು ಪ್ರತಿಯೊಂದು ಶಾಸ್ತ್ರದ ಪ್ರಶ್ನೆಯೊಳಗೂ ಇಳಿಯಬೇಕು. ಇತಿಹಾಸದವರು ಕೆರೆಯ ಶಾಸನವನ್ನೋದುವಾಗ ಇಂದಿನ ತೂಬನ್ನೂ ನೋಡಲಿ. ಅರ್ಥಶಾಸ್ತ್ರದವರು ಕೊಳವೆಬಾವಿಯ ಸಾಲವನ್ನು ಲೆಕ್ಕ ಹಾಕಲಿ. ರಸಾಯನಶಾಸ್ತ್ರದವರು ತಮ್ಮ ಪ್ರಯೋಗಶಾಲೆಯ ಕೊಳೆನೀರು ಎಲ್ಲಿ ಸೇರುತ್ತದೆಂದು ಪರೀಕ್ಷಿಸಲಿ. ಕನ್ನಡದವರು ಉಳಿದಿರುವ ನೀರುಗಂಟಿಗಳ ಮಾತನ್ನು ಕೂಡಲೆ ಬರೆದುಕೊಳ್ಳಲಿ. ಅಂಥ ವಿಷಯವನ್ನು ಹೊತ್ತು ಇನ್ನೊಬ್ಬ ವಿದ್ಯಾರ್ಥಿ ಬಾಗಿಲಲ್ಲಿ ನಿಂತರೆ, ಇಂದು ನನ್ನ ಸ್ಥಾನದಲ್ಲಿರುವವರು ಅವನನ್ನು ಒಳಗೆ ಕರೆದು ಕೂರಿಸಲಿ.