ಅಪ್ಪನ ಮೆಡಿಕಲ್ ಬೋರ್ಡ್ ಪೇಪರ್‌ನಲ್ಲಿ ಮೊದಲು ಯಾವ ಸಾಲು ನೋಡಬೇಕು?

ಇವತ್ತಿನ ಎಪಿಸೋಡ್ ಕೆಜಿಎಫ್, ಬಂಗಾರಪೇಟೆ ಕಡೆಯ ಮಾಜಿ ಸೈನಿಕರ ಮಕ್ಕಳಿಗೆ. ಮಾರಿಕುಪ್ಪಂನಿಂದ ಬೆಳಗಿನ ಟ್ರೈನ್ ಹತ್ತಿ ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋಗುವವರಲ್ಲಿ ಸೈನ್ಯದಿಂದ ಬಂದವರೂ ಇದ್ದಾರೆ. ಕೆಲವರಿಗೆ ಕಾಲಲ್ಲಿ ಬಲ ಇಲ್ಲ, ಮೆಟ್ಟಿಲು ಹತ್ತೋಕೆ ಕಂಬಿ ಹಿಡೀಬೇಕು. ಕೇಳಿದ್ರೆ, "ಬೋರ್ಡ್‌ನವರು 20 ಪರ್ಸೆಂಟ್ ಅಂತ ಬರೆದ್ರು, ಬಿಡಪ್ಪ" ಅಂತಾರೆ.

ಬಿಡಬೇಡಿ. ಆದರೆ ಪರ್ಸೆಂಟ್‌ಗೆ ಜಗಳ ಮಾಡೋ ಮೊದಲು ಇನ್ನೊಂದು ಸಾಲು ನೋಡಿ: ತೊಂದರೆ ಸೇವೆಯಿಂದ ಬಂತಾ, ಅಥವಾ ಸೇವೆಯಿಂದ ಹೆಚ್ಚಾಯ್ತಾ? ಎರಡಕ್ಕೂ "ಇಲ್ಲ" ಅಂತ ಬರೆದಿದ್ರೆ 20 ಇರಲಿ, 60 ಇರಲಿ, ಅಂಗವೈಕಲ್ಯ ಪಿಂಚಣಿ ಸಿಗಲ್ಲ.

ಇಲ್ಲಿ ನೆನಪಿಡಬೇಕಾದ ಹೆಸರು ಧರಮ್‌ವೀರ್ ಸಿಂಗ್. 2013ರಲ್ಲಿ ಅವರ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸೇರುವಾಗ ದಾಖಲೆಯಲ್ಲಿ ಕಾಯಿಲೆ ಇರಲಿಲ್ಲ ಅಂದ್ರೆ ಆರೋಗ್ಯವಾಗಿದ್ದರು ಅಂತಲೇ ಅರ್ಥ. ಸೇವೆಗೂ ಕಾಯಿಲೆಗೂ ಸಂಬಂಧ ಇಲ್ಲ ಅಂತ ತೋರಿಸಬೇಕಾದ್ದು ಸೈನ್ಯ, ಸೈನಿಕ ಅಲ್ಲ. ಬೋರ್ಡ್ ಕಾರಣ ಬರೆಯದೆ "ಇಲ್ಲ" ಅಂದ್ರೆ ಸಾಲದು.

ಈಗ ಲೆಕ್ಕ. ನಾನು ಬಿಕಾಂ, ಬಿಡೋಕಾಗಲ್ಲ! ಕೊನೆಯ ಸಂಬಳ 40,000 ಅಂತ ಇಟ್ಕೊಳ್ಳಿ. ಪೂರ್ತಿ 100 ಪರ್ಸೆಂಟ್‌ಗೆ ಅದರ ಶೇ. 30, ಅಂದ್ರೆ 12,000. 20 ಪರ್ಸೆಂಟ್‌ಗೆ 2,400. ಆದರೆ 20ರಿಂದ 49ರವರೆಗೆ ಇದ್ದರೆ 50ಕ್ಕೆ ಏರಿಸುವ ನಿಯಮವಿದೆ, ಆಗ 6,000. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಿಗಬೇಕು ಅಂತ 2014ರಲ್ಲಿ ರಾಮ್ ಅವತಾರ್ ಕೇಸ್‌ನಲ್ಲಿ ತೀರ್ಮಾನವಾಯ್ತು. ಹಾಗಾಗಿ 20ನ್ನ 30 ಮಾಡ್ಸೋಕೆ ಓಡಾಡಿ ಲಾಭವಿಲ್ಲ. 15ನ್ನ 20 ಮಾಡ್ಸೋದು, 40ನ್ನ 60 ಮಾಡ್ಸೋದು ಬೇರೆ ಮಾತು: 60 ಆದ್ರೆ ಅದು 75 ಆಗುತ್ತೆ. ಈ ಲೆಕ್ಕ 2023 ಸೆಪ್ಟೆಂಬರ್ 21ಕ್ಕಿಂತ ಮೊದಲು ಹೊರಬಂದವರದ್ದು. ಆಮೇಲಿನವರಿಗೆ ಹೊಸ ನಿಯಮಗಳಿವೆ.

ಸ್ನಾಯುವಿನ ಬಲವನ್ನ ಡಾಕ್ಟರು 0ರಿಂದ 5ರವರೆಗೆ ಅಳೀತಾರೆ. "4" ಅಂದ್ರೆ ಕೇಳೋಕೆ ಚೆನ್ನಾಗಿದೆ. ಆದರೆ ನೆಲದಿಂದ ಏಳೋಕಾಗ್ತಿಲ್ಲ, ಬಕೆಟ್ ಎತ್ತೋಕಾಗ್ತಿಲ್ಲ ಅನ್ನೋದು ಆ ಅಂಕಿಯಲ್ಲಿ ಕಾಣಲ್ಲ. ಅದನ್ನ ರಿಪೋರ್ಟ್‌ನಲ್ಲಿ ಬರೆಸಿ. ನರ-ಸ್ನಾಯು ಪರೀಕ್ಷೆಯ ವರದಿ ಜೊತೆಗಿಡಿ.

ದಾರಿ ಹೀಗೆ. ಸೇರುವಾಗಿನ ಮತ್ತು ಬಿಡುವಾಗಿನ ವೈದ್ಯಕೀಯ ದಾಖಲೆಗಳನ್ನ ರೆಕಾರ್ಡ್ಸ್ ಆಫೀಸ್‌ನಿಂದ ಕೇಳಿ, ಕೊಡದಿದ್ರೆ ಆರ್‌ಟಿಐ ಹಾಕಿ. ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಸೋತರೆ ಎರಡನೆಯದು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಬಂಗಾರಪೇಟೆಯಿಂದ ಚೆನ್ನೈ ಹತ್ತಿರ ಅಂತ ಅಲ್ಲಿಗೆ ಹೋಗಬೇಡಿ, ಕರ್ನಾಟಕದವರಿಗೆ ಕೊಚ್ಚಿ ಪೀಠ.

ವರ್ಷಗಟ್ಟಲೆ ತಡವಾಗಿದ್ರೂ ಬಾಗಿಲು ಮುಚ್ಚಿಲ್ಲ. ಆದರೆ ಹಳೇ ಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷದ್ದು ಮಾತ್ರ ಸಿಗುತ್ತೆ. ಅಂದ್ರೆ ಸುಮ್ಮನಿದ್ದಷ್ಟೂ ತಿಂಗಳಿಗೊಂದು ಪಿಂಚಣಿ ಕೈತಪ್ಪುತ್ತೆ. ಟ್ರಂಕ್‌ನಲ್ಲಿರೋ ಆ ಫೈಲ್ ಇವತ್ತೇ ತೆಗೆಸಿ.