ಕಡಲ ಮೀನಿನ ಎಣಿಕೆ



ಕಡಲಿನಲ್ಲಿ ಯಾವ ಯಾವ ಮೀನುಗಳುಂಟೆಂದು ಭಟ್ಕಳದ ನೆರೆಯ ಮುಟ್ಟಳ್ಳಿಯ ಗೃಹಿಣಿಯನ್ನು ಕೇಳಿದರೆ, ಬಂಗಡೆ, ತಾರ್ಲೆ, ಇಸ್ವಾಣ, ನೊಗಲಿ ಎಂದು ಬುಟ್ಟಿಯಲ್ಲಿ ಬರುವುವನ್ನೆಲ್ಲ ಹೇಳಿಯಾಳು. ಬುಟ್ಟಿಗೆ ಬಾರದವುಗಳ ಗತಿಯೇನು? ಮತ್ಸ್ಯಗಣನೆಯ ಕಷ್ಟವಿರುವುದು ಇಲ್ಲಿಯೇ.

ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಎಂಬಾತನು 1875ರಿಂದ 1878ರವರೆಗೆ ಪ್ರಕಟಿಸಿದ ಗ್ರಂಥದಲ್ಲಿ ಭಾರತದ ಹಲವಾರು ಜಾತಿಯ ಮೀನುಗಳನ್ನು ವರ್ಣಿಸಿದನು. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನ ಸಂಸ್ಥೆಯವರು ಗೊತ್ತುಪಡಿಸಿದ ದಿನಗಳಲ್ಲಿ ಬಂದರಿನ ಕೆಲವು ದೋಣಿಗಳನ್ನು ಆರಿಸಿ, ಇಳಿದ ಮೀನನ್ನು ಜಾತಿವಾರು ಲೆಕ್ಕ ಹಿಡಿದು, ಅದರಿಂದ ಇಡೀ ಕರಾವಳಿಯ ಹಿಡಿವಳಿಯನ್ನು ಅಂದಾಜು ಮಾಡುವರು.

ಆದರೆ ತೂಕವೇ ವೈವಿಧ್ಯವಲ್ಲ. ದೋಣಿ ತುಂಬ ತಾರ್ಲೆ ಬಂದರೂ ಅದು ಒಂದೇ ಜಾತಿ. ಮೂಲೆಗೆ ಸುರಿದ ಒಂದು ಬುಟ್ಟಿ ಕಸಮೀನಿನಲ್ಲಿ ಹತ್ತಾರು ಜಾತಿಗಳಿರಬಹುದು. ಬಲೆಯೂ ಪಕ್ಷಪಾತಿಯೇ. ರಂಪಣಿಯು ದಡದ ಸಮೀಪದ ಹಿಂಡನ್ನು ಎಳೆಯುತ್ತಿದ್ದಿತು. ಟ್ರಾಲ್ ಬಲೆಯು ಕಡಲ ತಳವನ್ನು ಬಾಚುತ್ತದೆ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಹವಳದ ನಡುವೆ ಸುಳಿಯುವ ಗಿಳಿಮೀನು, ಚಿಟ್ಟೆಮೀನುಗಳನ್ನಾದರೋ ನೀರಿನಲ್ಲಿ ಮುಳುಗಿ ಕಣ್ಣಿನಿಂದಲೇ ಎಣಿಸಬೇಕು.

1970ರ ದಶಕದ ಕೊನೆಗೆ ಪರ್ಸೀನ್ ಬಲೆಯು ಹಬ್ಬಿ ರಂಪಣಿಯು ಹಿಂದೆ ಸರಿಯಿತು. ಅದನ್ನೆಳೆದ ಖಾರ್ವಿ, ಮೊಗೇರ ಹಿರಿಯರು ಬೆಲೆಯಿಲ್ಲದ ಮೀನನ್ನೂ ಹೆಸರಿಟ್ಟು ಕರೆಯಬಲ್ಲವರು. ಗಣನೆಗೆ ಹೋಗುವವರು ತಕ್ಕಡಿಯೊಡನೆ ಆ ಹೆಸರುಗಳನ್ನು ಬರೆದುಕೊಳ್ಳುವ ಪುಸ್ತಕವನ್ನೂ ಒಯ್ಯಲಿ. ಹಿಂದೆ ಇದ್ದುದೇನೆಂದು ಬರೆದಿಡದಿದ್ದರೆ, ಕಳೆದುಕೊಂಡುದೇನೆಂಬುದು ನಮ್ಮ ಮಕ್ಕಳಿಗೆ ತಿಳಿಯುವುದೆಂತು?