ಗುದ್ದಿ ಓಡಿಹೋದ ಕಾರು: ವಿಮೆ ಮತ್ತು ಪರಿಹಾರ
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬೀಜ ಗೊಬ್ಬರಗಳ ಮಾತು ನಡೆಯಬೇಕಾದ ಸಭೆಯಲ್ಲಿ ಮೋಟಾರು ವಿಮೆಯ ವಿಷಯವೇಕೆಂದು ತಾವು ಕೇಳಬಹುದು. ನಾವು ಬೆಳೆದ ತರಕಾರಿ ಈಗ ಪೇಟೆ ಸೇರುವುದು ಎತ್ತಿನ ಗಾಡಿಯಲ್ಲಲ್ಲ, ಟೆಂಪೋದಲ್ಲಿ. ಆದ್ದರಿಂದ ಇದೂ ಬೇಸಾಯದ ಮಾತೇ.

ಹೊಸಕೋಟೆ ಕಡೆಯ ನಮ್ಮ ನೆಂಟರೊಬ್ಬರು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಕೋಸು, ಬೀನ್ಸ್ ಹಾಕಿ ಹಿಂದಿರುಗುವಾಗ, ಬೆಳಗಿನ ಜಾವ ರಿಚರ್ಡ್ಸ್ ಟೌನಿನಲ್ಲಿ ರಸ್ತೆಯ ಅಂಚಿಗೆ ಗಾಡಿ ನಿಲ್ಲಿಸಿದ್ದರು. ಅವರ ಭಾವಮೈದುನ ಕೆಳಗಿಳಿದು ಹಗ್ಗ ಬಿಗಿಯುತ್ತಿದ್ದ. ಹಿಂದಿನಿಂದ ಬಂದ ಕಾರೊಂದು ಗುದ್ದಿ, ನಿಲ್ಲದೆ ಹೊರಟುಹೋಯಿತು. ಗಾಡಿಯ ಹಿಂಬದಿ ನಜ್ಜುಗುಜ್ಜಾಯಿತು. ಹುಡುಗನ ಕಾಲಿನ ಮೂಳೆ ಮುರಿಯಿತು. ನಂಬರು ಯಾರಿಗೂ ಕಾಣಲಿಲ್ಲ.

“ಗುದ್ದಿದವನೇ ಸಿಕ್ಕದ ಮೇಲೆ ಪೊಲೀಸರೇನು ಮಾಡಿಯಾರು?” ಎಂದುಕೊಂಡು ನೆಂಟರು ಗಾಡಿಯನ್ನು ಊರಿಗೆ ಎಳೆಸಿ ತಂದು ರಿಪೇರಿ ಮಾಡಿಸಿದರು. ಹದಿನೈದು ದಿನ ಕಳೆದು ವಿಮಾ ಕಚೇರಿಗೆ ಹೋದರು. ತೋರಿಸಲು ಮುರಿದ ಗಾಡಿಯಿಲ್ಲ, ಪೊಲೀಸು ದೂರಿನ ಪ್ರತಿಯಿಲ್ಲ, ಹಣವೂ ಬರಲಿಲ್ಲ.

ಮೊದಲು ಮಾಡಬೇಕಾದುದು ಗಾಯಗೊಂಡವರ ಆರೈಕೆ. 112ಕ್ಕೆ ಫೋನು ಮಾಡಿರಿ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಯೋಜನೆ 2025ರಲ್ಲಿ ಜಾರಿಗೆ ಬಂದಿದೆ. ಆಮೇಲೆ ಗಾಡಿಯ, ಸ್ಥಳದ, ಬಿದ್ದ ಗಾಜಿನ ಚೂರುಗಳ ಫೋಟೋ ತೆಗೆದುಕೊಂಡು, ಆ ಸ್ಥಳಕ್ಕೆ ಸೇರಿದ ಠಾಣೆಯಲ್ಲಿ ಅಂದೇ ದೂರು ಕೊಡಿರಿ. ರಿಚರ್ಡ್ಸ್ ಟೌನಿನಂಥ ಬಡಾವಣೆಯಲ್ಲಿ ಮನೆಮನೆಗೂ ಕ್ಯಾಮೆರಾ ಉಂಟು. ಆದರೆ ಹಳೆಯ ಚಿತ್ರ ಕೆಲವು ದಿನಗಳಲ್ಲೇ ಅಳಿಸಿಹೋಗಬಹುದು. ತಡ ಮಾಡಿದರೆ ಸಾಕ್ಷಿಯೇ ಹೋಯಿತು.

ವಿಮಾ ಕಂಪನಿಗೂ ಕೂಡಲೇ ತಿಳಿಸಬೇಕು. ಸರ್ವೇಯರ್ ಬಂದು ನೋಡುವವರೆಗೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿರಿ. ಆರ್.ಸಿ., ಲೈಸೆನ್ಸು, ಪಾಲಿಸಿ, ದೂರಿನ ಪ್ರತಿಗಳ ಜೊತೆಗೆ ಸರಕು ಗಾಡಿಯಾದರೆ ಪರ್ಮಿಟ್ಟು, ಎಫ್.ಸಿ. ಸಹ ಕೇಳುತ್ತಾರೆ. ಇಲ್ಲಿ ಬಹಳ ಮಂದಿ ಎಡವುವ ಮಾತೊಂದಿದೆ. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಯಿಂದ ನಿಮ್ಮ ಗಾಡಿಯ ರಿಪೇರಿಗೆ ಕಾಸು ಬರುವುದಿಲ್ಲ. ಅದು ನಿಮ್ಮಿಂದ ಇತರರಿಗಾದ ನಷ್ಟಕ್ಕೆ. ಸ್ವಂತ ನಷ್ಟಕ್ಕೂ ಸೇರಿಸಿ ಪೂರ್ಣ ವಿಮೆ ಮಾಡಿಸಿದವರಿಗೆ ಮಾತ್ರ ರಿಪೇರಿಯ ಹಣ. ಅದರಲ್ಲೂ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯವಾಗಿ ಅರ್ಧ ಬೆಲೆ ಕಡಿತ. ಸಣ್ಣ ಗೀರಿಗೆ ಹಣ ಕೇಳಿ, ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವುದು ಲಾಭವಲ್ಲವೆಂದು ನನ್ನ ಎಣಿಕೆ.

ಇನ್ನು ಹುಡುಗನ ಕಾಲು. ಗುದ್ದಿದವರು ಪತ್ತೆಯಾಗದಿದ್ದರೂ 1988ರ ಮೋಟಾರು ವಾಹನ ಕಾಯಿದೆಯ 161ನೆಯ ಕಲಮಿನಂತೆ ಪರಿಹಾರವಿದೆ. ಮೊದಲು ಮರಣಕ್ಕೆ 25,000, ತೀವ್ರ ಗಾಯಕ್ಕೆ 12,500 ರೂಪಾಯಿ ಇದ್ದುದು 2022ರ ಏಪ್ರಿಲ್ 1ರಿಂದ ಎರಡು ಲಕ್ಷ ಮತ್ತು 50,000 ಆಗಿದೆ. ಮೂಳೆ ಮುರಿದರೆ ಅದು ತೀವ್ರ ಗಾಯವೇ. ಇದಕ್ಕೆ ನಿಮ್ಮಲ್ಲಿ ಯಾವ ವಿಮೆಯೂ ಇರಬೇಕಿಲ್ಲ. ನಡೆದುಹೋಗುವ ಕೂಲಿಯವನಿಗೂ ಸಲ್ಲುತ್ತದೆ. ಅರ್ಜಿಯನ್ನು ಅಪಘಾತ ನಡೆದ ಪ್ರದೇಶದ ಉಪವಿಭಾಗಾಧಿಕಾರಿ ಅಥವಾ ತಹಸೀಲ್ದಾರರಿಗೆ ಕೊಡಬೇಕು. ನಮ್ಮ ಹಿರಿಯರು ಅಮಲ್ದಾರರೆನ್ನುತ್ತಿದ್ದರಲ್ಲ, ಅವರೇ. ರಿಚರ್ಡ್ಸ್ ಟೌನಿನಲ್ಲಿ ಆದದ್ದಕ್ಕೆ ಹೊಸಕೋಟೆ ಕಚೇರಿಯ ಬಾಗಿಲು ಕಾದರೆ ಪ್ರಯೋಜನವಿಲ್ಲ. ಪ್ರಥಮ ವರ್ತಮಾನ ವರದಿ, ಗಾಯದ ಸರ್ಟಿಫಿಕೇಟು, ಬ್ಯಾಂಕ್ ಪುಸ್ತಕದ ಪ್ರತಿ ಜೊತೆಗಿರಲಿ. ವಿಚಾರಣೆಗೆ ಒಂದು ತಿಂಗಳು; ಜಿಲ್ಲಾಧಿಕಾರಿಗಳ ಮಂಜೂರಾತಿಗೆ ಹದಿನೈದು ದಿನ; ಹಣ ಪಾವತಿಗೆ ಮತ್ತೆ ಹದಿನೈದು ದಿನ. ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ ಪೊಲೀಸರೇ ಈ ಪರಿಹಾರದ ಸಂಗತಿಯನ್ನು ಗಾಯಾಳುವಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2024ರಲ್ಲಿ ಆಜ್ಞೆ ಮಾಡಿದೆ. ಅವರು ತಿಳಿಸದಿದ್ದರೆ ನೀವೇ ಕೇಳಿರಿ, ಸಂಕೋಚ ಬೇಡ.

ಮುಂದೆ ಕಾರು ಸಿಕ್ಕಿ, ಅದರ ವಿಮೆಯಿಂದ ಹೆಚ್ಚಿನ ಪರಿಹಾರ ಬಂದರೆ, ಮೊದಲು ಪಡೆದ ಹಣವನ್ನು ಅದರಲ್ಲಿ ಮುರಿದುಕೊಳ್ಳುತ್ತಾರೆ.

ಗಾಡಿಯುಳ್ಳವರು ಇಂದೇ ಪಾಲಿಸಿ ತೆಗೆದು, ಅದು ಯಾವ ಬಗೆಯದು, ಯಾವ ತಾರೀಖಿಗೆ ಮುಗಿಯುತ್ತದೆ ಎಂಬುದನ್ನು ನೋಡಿರಿ. ಜೊತೆಗೆ ತಂದಿರುವವರು ಸಭೆ ಮುಗಿದೊಡನೆ ನನ್ನ ಬಳಿ ಬನ್ನಿ. ಕೂತು ಓದಿ ಹೇಳುತ್ತೇನೆ.